ಹಿಂದಿನ ಸೀಟಿನ ಭಾರ

ನಮ್ಮ ಮನೆಯಲ್ಲಿ ಯಾರಾದರೂ ಒಬ್ಬೊಬ್ಬರೇ ಹೋಗುತ್ತಿದ್ದ ಜಾಗವೆಂದರೆ ಬಚ್ಚಲೊಂದೇ. ಮಿಕ್ಕ ಎಲ್ಲ ಕಡೆಗೂ ಜೋಡಿ ಬೇಕಿತ್ತು. ಅವ್ವ ವಾರಕ್ಕೊಮ್ಮೆ ಮಾರ್ಕೆಟ್ ಯಾರ್ಡಿಗೆ ಹೋಗಿ ಓಣಿಯ ನಾಲ್ಕು ಮನೆಗಾಗುವಷ್ಟು ಉಳ್ಳಾಗಡ್ಡಿ, ಬಟಾಟಿ ತರುತ್ತಿದ್ದಳು, ಜೊತೆಗೆ ಅಜ್ಜಿ. ಅಜ್ಜಿ ಗುಡಿಗೆ ಹೊರಟರೆ ಜೊತೆಗೆ ಅವ್ವ. ಅಪ್ಪ ಸೈಕಲ್ ಮೇಲೆ ಕಾರ್ಖಾನೆಗೆ ಹೋಗುವಾಗಲೂ ಓಣಿಯ ತುದಿಯಲ್ಲಿ ನಿಂತು ಇನ್ನೊಬ್ಬ ಕೆಲಸಗಾರರಿಗಾಗಿ ಕಾಯುತ್ತಿದ್ದರು. ಅವರು ರಜೆ ಹಾಕಿದ ದಿನ ಅಪ್ಪನ ಮುಖ ಬಾಡಿರುತ್ತಿತ್ತು. ನಾನು ಪಾಲಿಟೆಕ್ನಿಕ್ ಸೇರಿದಾಗ ಎರಡು ಓಣಿ ಆಚೆಯ ಹುಡುಗಿಯೊಬ್ಬಳನ್ನು ಅಪ್ಪನೇ ಹುಡುಕಿ ನನಗೆ ಜೋಡಿ ಮಾಡಿದರು. ಮೂರು ವರ್ಷ ಅವಳ ಪಕ್ಕದಲ್ಲಿ ಬಸ್ಸಿನಲ್ಲಿ ಕೂತೆ. ಅವಳಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ, ನನಗೂ ಅವಳನ್ನು ಕಂಡರೆ ಆಗುತ್ತಿರಲಿಲ್ಲ, ಆದರೆ ಒಂದು ದಿನವೂ ಜೋಡಿ ತಪ್ಪಲಿಲ್ಲ. ಇದನ್ನು ಯಾರೂ ನಿಯಮ ಎಂದು ಕರೆದಿರಲಿಲ್ಲ. ಹೊಸಿಲ ಬಳಿ ಚಪ್ಪಲಿ ಮೆಟ್ಟುವ ಸದ್ದು ಕೇಳಿದರೆ ಸಾಕು, ಒಳಗಿನಿಂದ ಯಾರದಾದರೊಂದು ದನಿ ಬರುತ್ತಿತ್ತು.

"ಕೂಡ ಯಾರದಾರ?"

ಉತ್ತರವಿಲ್ಲದಿದ್ದರೆ ಚಪ್ಪಲಿ ಬಿಟ್ಟು ಒಳಗೆ ಬರಬೇಕು.

ಪುಣೆಯ ಖಡಕಿಯ ಬಜಾರಿನ ಹಿಂದಿನ ಸಾಲಿನಲ್ಲಿ ನಮ್ಮ ಮನೆ. ಪಡಸಾಲೆ, ನಡುಮನೆ, ಅಡುಗೆಮನೆ ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು. ಕೊನೆಯಲ್ಲಿ, ಹಿಂದಿನ ಓಣಿಗೆ ಬಾಗಿಲಿದ್ದ, ಕಲ್ಲು ಹಾಸಿದ ಪುಟ್ಟ ಹಿತ್ತಲು. ಒಬ್ಬರು ಸೀನಿದರೆ ಮೂರು ಕೋಣೆಗೂ ಕೇಳುತ್ತಿತ್ತು. ಊಟವಂತೂ ನಾಲ್ವರೂ ಕೂತ ಮೇಲೆಯೇ. ಒಲೆಯ ಮುಂದೆ ಅಜ್ಜಿ, ಅವಳ ಎಡಕ್ಕೆ ಅವ್ವ, ಎದುರಿಗೆ ಅಪ್ಪ, ಬಾಗಿಲ ಬಳಿ ನಾನು. ಅಜ್ಜಿ ಅಪ್ಪನ ತಾಯಿ, ಬೈಲಹೊಂಗಲದ ಕಡೆಯವಳು. ಪುಣೆಯಲ್ಲಿ ಅಷ್ಟು ವರ್ಷ ಕಳೆದರೂ ಮರಾಠಿಯಲ್ಲಿ ಅವಳು ಕಲಿತದ್ದು ಬೈಗುಳ ಮಾತ್ರ. ಅಪ್ಪ ಮಿಲಿಟರಿಗೆ ಸಾಮಾನು ಮಾಡುವ ಕಾರ್ಖಾನೆಯಲ್ಲಿ ತಪಾಸಣೆಯವರು. ಯಂತ್ರದಿಂದ ಇಳಿದ ಲೋಹದ ತುಂಡುಗಳಿಗೆ ಗೇಜು ಹಿಡಿದು ಅಳೆಯುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅದಕ್ಕೆ ಕೆಂಪು ಬಣ್ಣ ಹಚ್ಚಿ ಪಕ್ಕಕ್ಕೆ ಹಾಕುವುದು ಅವರ ಕೆಲಸ. ಮೂವತ್ತೈದು ವರ್ಷದಲ್ಲಿ ಒಂದೇ ಒಂದು ತಪ್ಪು ತುಂಡನ್ನೂ ಮುಂದಕ್ಕೆ ಬಿಟ್ಟಿಲ್ಲ ಎನ್ನುವುದೊಂದೇ ಅವರು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದ ಹೆಮ್ಮೆ. ಆ ಕಣ್ಣು ಮನೆಗೆ ಬಂದ ಮೇಲೂ ಮುಚ್ಚುತ್ತಿರಲಿಲ್ಲ.

"ಅವ್ವಾ, ಈ ರೊಟ್ಟಿ ಎಡಕ್ಕ ಒಂಚೂರು ದಪ್ಪ ಆಗ್ಯಾದ," ಎನ್ನುತ್ತಿದ್ದರು ಅಜ್ಜಿಗೆ.

"ಹಂಗಾರ ಬಲಕ್ಕ ತಿನ್ನು," ಎನ್ನುತ್ತಿದ್ದಳು ಅಜ್ಜಿ, ತಿರುಗಿಯೂ ನೋಡದೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ವರ್ಷ ತಳೇಗಾಂವ ದಾಭಾಡೆಯ ಕಾರ್ಖಾನೆಯೊಂದರಿಂದ ಪತ್ರ ಬಂತು. ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ. ತಪಾಸಣೆ ವಿಭಾಗದಲ್ಲಿ ಟ್ರೇನಿ ಕೆಲಸ. ಅಂದರೆ ಅಪ್ಪನದೇ ಕಸುಬು, ಬೇರೆ ಗೋಡೆಗಳ ನಡುವೆ. ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಏಳಕ್ಕೆ ಹಾಜರಾಗಬೇಕು, ತಪ್ಪಿದರೆ ಪಟ್ಟಿಯಲ್ಲಿರುವ ಮುಂದಿನವರಿಗೆ ಜಾಗ ಎಂದು ಪತ್ರದ ಕೊನೆಯಲ್ಲಿ ಬರೆದಿತ್ತು. ಲೋಕಲ್ ರೈಲಿನಲ್ಲಿ ತಳೇಗಾಂವದ ಸ್ಟೇಷನ್ನಿನವರೆಗೆ ಹೋಗಬಹುದು, ಆದರೆ ಅಲ್ಲಿಂದ ಕಾರ್ಖಾನೆಯ ತನಕ ಆ ಹೊತ್ತಿಗೆ ಯಾವ ಗಾಡಿಯೂ ಸಿಗುತ್ತಿರಲಿಲ್ಲ. ಕಂಪನಿಯ ಬಸ್ಸು ಟ್ರೇನಿಗಳಿಗಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಜಗಳ ಶುರುವಾಯಿತು, ಮಜ್ಜಿಗೆ ಅನ್ನದ ತನಕವೂ ನಡೆಯಿತು.

"ಮೂವತ್ತು ಕಿಲೋಮೀಟರ. ಎಲ್ಲಾ ಟ್ರಕ್ಕಿನ ರಸ್ತಾ. ಒಬ್ಬಾಕಿ," ಎಂದರು ಅಪ್ಪ. ಒಂದೊಂದು ಮಾತಿಗೂ ಒಂದೊಂದು ತುತ್ತು ತಟ್ಟೆಯಲ್ಲೇ ಉಳಿಯುತ್ತಿತ್ತು. "ಇಲ್ಲೇ ಖಡಕ್ಯಾಗ ಟೈಪಿಂಗ್ ಕೆಲಸ ಅದ. ಆ ಬಸ್ಸಿನ ಹುಡುಗೀನೂ ಅಲ್ಲೇ ಸೇರ್ಯಾಳ. ಜೋಡಿ ಆಗತದ."

"ನಾ ಕಲತದ್ದು ಅಳತಿ ಮಾಡೂದು ಅಪ್ಪಾ, ಟೈಪಿಂಗ್ ಅಲ್ಲ."

"ಖರೇನ ಅದ್ರಿ," ಎಂದಳು ಅವ್ವ. "ಆಕಿನೂ ಮನ್ಯಾಗ ಕೂತು ರೊಟ್ಟಿ ಅಳದ್ರ ನನಗ ಅಡಗಿ ಮಾಡೂದ ಬ್ಯಾಡಾಗತದ. ನೀವು ಒಬ್ಬರ ಸಾಕು."

ತೀರ್ಪು ಕೊಟ್ಟವಳು ಅಜ್ಜಿ. ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ ಹೇಳಿದಳು.

"ಹುಡುಗಿಗೆ ಗಾಡಿ ಕೊಡಸು. ನಾನೂ ಹಿಂದ ಕೂತು ಒಮ್ಮೆ ಆಳಂದಿ ಗುಡಿ ನೋಡಿ ಬರತೀನಿ."

ಅಜ್ಜಿಯ ಮಾತಿಗೆ ಅಪ್ಪನ ಬಳಿ ಗೇಜು ಇರಲಿಲ್ಲ. ಅವರು ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು: ಗಾಡಿಯನ್ನು ಮನೆಯವರೆಲ್ಲ ಸೇರಿ ಆರಿಸಬೇಕು. ಅದನ್ನು ಷರತ್ತು ಎಂದು ನನಗೆ ಅನಿಸಲೇ ಇಲ್ಲ. ನಮ್ಮಲ್ಲಿ ಸೀರೆ, ಕುಕ್ಕರು, ಔಷಧಿ ಎಲ್ಲವನ್ನೂ ಹಾಗೇ ಆರಿಸುತ್ತಿದ್ದೆವು.

ಗಾಡಿ ಹೊಡೆಯುವುದನ್ನು ನನಗೆ ಕಲಿಸಿದವರು ಪಕ್ಕದ ಮನೆಯ ಶಿಂದೆ ಕಾಕಾ. ಮಿಲಿಟರಿಯಲ್ಲಿ ಟ್ರಕ್ ಓಡಿಸಿ ನಿವೃತ್ತರಾದವರು, ಮೀಸೆಯಷ್ಟೇ ಹಳೆಯ ಒಂದು ಗಿಡ್ಡ ಮೋಟಾರ್‌ಸೈಕಲ್ ಇಟ್ಟುಕೊಂಡಿದ್ದರು. ಮೈದಾನದ ಬೇವಿನ ಮರದ ಕೆಳಗೆ ನಿಂತು ಅವರು ಕೂಗುತ್ತಿದ್ದರು, ನಾನು ಸುತ್ತುತ್ತಿದ್ದೆ. ಲೈಸೆನ್ಸ್ ಪರೀಕ್ಷೆಯನ್ನೂ ಅದರ ಮೇಲೆಯೇ ಪಾಸಾದೆ. ಆದರೆ ಆ ಗಾಡಿ ತಳೇಗಾಂವದ ಅರ್ಧ ದಾರಿಯ ದೇಹೂರೋಡ್ ದಾಟುವಷ್ಟರಲ್ಲಿ ಕೆಮ್ಮಿ ನಿಲ್ಲುತ್ತಿತ್ತು. ಸ್ಕೂಟರಿನ ಸಣ್ಣ ಚಕ್ರ ಆ ಹೆದ್ದಾರಿಯ ಗುಂಡಿಗಳಿಗೆ ಸಾಲದು, ಮೋಟಾರ್‌ಸೈಕಲ್ಲನ್ನೇ ತೆಗೆದುಕೋ ಎಂದು ಹೇಳಿದವರು ಅವರೇ. ಸಾತಾರೆಯ ಕಡೆಯ ತಮ್ಮ ಹಳ್ಳಿಗೆ ಹೊರಟ ದಿನ ಬೆರಳೆತ್ತಿ ಇನ್ನೊಂದು ಮಾತನ್ನೂ ಹೇಳಿದ್ದರು. ಮೊದಲ ಗಾಡಿ ಚೆಂದ ಇರಬೇಕಿಲ್ಲ, ವೇಗ ಇರಬೇಕಿಲ್ಲ, ಕೂತಾಗ ಎರಡೂ ಕಾಲು ನೆಲಕ್ಕೆ ಮುಟ್ಟಬೇಕು. "ಪಾಯ್ ಟೇಕಲೇ ಪಾಹಿಜೇತ್, ನಂದಾ," ಎಂದು ಎರಡು ಸಲ ಹೇಳಿ ಬಸ್ಸು ಹತ್ತಿದರು. ನನ್ನ ಎತ್ತರ ಐದು ಅಡಿಗೆ ಒಂದು ಬೆರಳು ಕಡಿಮೆ. ಅವರ ಮಾತನ್ನು ನಾನು ಮರೆಯಲಿಲ್ಲ. ನನ್ನ ತಪ್ಪು ಅಲ್ಲಿ ಆಗಲಿಲ್ಲ.

ಒಂದು ರಜೆಯ ದಿನ ನಾಲ್ವರೂ ಲೋಕಲ್ ಹಿಡಿದು ಚಿಂಚವಡಕ್ಕೆ ಹೋದೆವು. ಹೆದ್ದಾರಿಯ ಪಕ್ಕದಲ್ಲೇ ಹಳೆಯ ಗಾಡಿಗಳನ್ನು ಮಾರುವ ದೊಡ್ಡ ಅಂಗಳ, ಮಾಲೀಕರ ಹೆಸರು ಜಾಧವ್. ಅವರು ಮೊದಲು ಕೇಳಿದ್ದು ಗಾಡಿ ಯಾರಿಗೆ ಎಂದು. ನಮ್ಮವರು ಮೂವರೂ ನನ್ನ ಕಡೆ ಕೈ ತೋರಿಸಿದರು, ಆಮೇಲೆ ಮೂವರೂ ಹಿಂದಿನ ಸೀಟುಗಳನ್ನು ಪರೀಕ್ಷಿಸಲು ಹೊರಟರು. ಅಜ್ಜಿ ಸೀರೆಯ ನೆರಿಗೆ ಎತ್ತಿ ಹಿಡಿದು ಒಂದೊಂದು ಗಾಡಿಯ ಮೇಲೂ ಪಕ್ಕಕ್ಕೆ ಕಾಲು ಹಾಕಿ ಕೂತಳು. ಒಂದರ ಸೀಟು ಜಾರುತ್ತದೆ, ಇನ್ನೊಂದಕ್ಕೆ ಕಾಲಿಡುವ ಜಾಗವಿಲ್ಲ, ಮತ್ತೊಂದು ಎಮ್ಮೆಯ ಬೆನ್ನಿನ ಹಾಗೆ ಇಳಿಜಾರು. ಅವ್ವ ಮನೆಯಿಂದ ತಂದಿದ್ದ ತರಕಾರಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತು, ಚೀಲಕ್ಕೆ ಮೊಣಕೈ ತಗಲುತ್ತದೋ ಇಲ್ಲವೋ ನೋಡಿದಳು. ಅಪ್ಪ ಹಿಂದಿನ ಚಕ್ರದ ಸೀರೆ ಗಾರ್ಡಿನ ಕಂಬಿಗಳ ನಡುವೆ ಬೆರಳು ತೂರಿಸಿ ನೋಡಿದರು. ಜಾಧವ್ ಮೊದಲು ನಕ್ಕರು, ಆಮೇಲೆ ಕುರ್ಚಿ ತರಿಸಿಕೊಂಡು ಕೂತುಬಿಟ್ಟರು. ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಗಾಡಿ ಎಂದರೆ ಹಿಂದೆ ಯಾರಾದರೂ ಕೂತಿರುವಂಥದ್ದು ಎಂದೇ ನಾನೂ ತಿಳಿದಿದ್ದೆ.

ಕೊನೆಗೆ ಎಲ್ಲರಿಗೂ ಒಪ್ಪಿಗೆಯಾದದ್ದು ಒಂದು ಕೆಂಪು ಗಾಡಿ. ಉದ್ದನೆಯ ಸೀಟು, ಗಟ್ಟಿ ಗಾರ್ಡು, ಹಿಡಿದುಕೊಳ್ಳಲು ಹೊಳೆಯುವ ಕಂಬಿ. ಅಜ್ಜಿ ಅದರ ಮೇಲಿಂದ ಇಳಿಯಲೇ ಒಪ್ಪಲಿಲ್ಲ. ಶಿಂದೆ ಕಾಕಾ ಹೇಳಿದ್ದು ನೆನಪಾಗಿ, ಕಾಲು ಮುಟ್ಟುತ್ತದೋ ನೋಡಬೇಕು ಎಂದೆ. ಅಜ್ಜಿ ಇಳಿದಳು, ನಾನು ಹತ್ತಿದೆ, ಅಪ್ಪ ಹಿಂದೆ ಹತ್ತಿದರು. ಅಪ್ಪನದು ಭಾರೀ ಮೈ. ಗಾಡಿ ಒಮ್ಮೆ ಉಸಿರು ಬಿಟ್ಟು ಕೆಳಗಿಳಿಯಿತು. ನನ್ನ ಎರಡೂ ಪಾದ ನೆಲಕ್ಕೆ ಊರಿದವು, ಹಿಮ್ಮಡಿಯ ಸಮೇತ.

"ಮುಟ್ಟತಾವ ಅಪ್ಪಾ!"

"ಮುಟ್ಟತಾವಲ್ಲ, ಆತು," ಎಂದರು ಅಪ್ಪ, ಮತ್ತು ಇಳಿದರು. ಅಷ್ಟರಲ್ಲಿ ಅವ್ವ ಜಾಧವ್ ಜೊತೆ ಮಾತಿಗಿಳಿದಿದ್ದಳು, ನಾನು ಆ ಕಡೆ ಓಡಿದೆ. ಎಂಟು ದಿನದೊಳಗೆ ಒಗ್ಗದಿದ್ದರೆ ಬದಲಿಸಿಕೊಡುವುದಾಗಿ ಜಾಧವ್ ಹೇಳಿದರು. ಅಗತ್ಯ ಬೀಳುವುದಿಲ್ಲ ಎಂದು ನಾನು ದೊಡ್ಡವಳ ಹಾಗೆ ಉತ್ತರ ಕೊಟ್ಟೆ. ಅಪ್ಪನನ್ನು ಹಿಂದೆ ಕೂರಿಸಿಕೊಂಡು ಖಡಕಿಯವರೆಗೆ ಗಾಡಿ ತಂದೆ. ಅವ್ವ, ಅಜ್ಜಿ ಲೋಕಲ್ಲಿಗೆ ಬಂದರು, ಜೋಡಿಯಾಗಿ.

ಮನೆ ಮುಂದೆ ಗಾಡಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ಲಿಂಬೆಹಣ್ಣು ಇಟ್ಟು, ಕಾಯಿ ಒಡೆದೆವು. ಆಮೇಲಿನ ನಾಲ್ಕು ದಿನ ನಮ್ಮ ಮನೆಗೆ ಹಬ್ಬ. ಬೆಳಿಗ್ಗೆ ಅಪ್ಪನನ್ನು ಕಾರ್ಖಾನೆಗೆ ಬಿಡುವುದು; ಬರುವಾಗ ನಾನು ಒಬ್ಬಳಾಗಬಾರದೆಂದು ಅವ್ವನನ್ನೂ ನಡುವೆ ಕೂರಿಸಿಕೊಂಡು ಹೋಗಿ ಕರೆತರುವುದು. ಮಧ್ಯಾಹ್ನ ಅಜ್ಜಿಯನ್ನು ಗುಡಿಗೆ. ಸಂಜೆ ಓಣಿಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಬಜಾರಿನ ಸುತ್ತ. ಅವ್ವ, ಅಜ್ಜಿ ಹಗುರ, ಅವರನ್ನು ಕೂರಿಸಿಕೊಂಡಾಗ ಹಿಮ್ಮಡಿ ಅಷ್ಟು ಊರುತ್ತಿರಲಿಲ್ಲ ಎನ್ನುವುದು ಗೊತ್ತಾಗುತ್ತಿತ್ತು; ಹೊಸ ಚಪ್ಪಲಿಯ ತಪ್ಪು ಅಂದುಕೊಂಡೆ. ಆ ನಾಲ್ಕು ದಿನದಲ್ಲಿ ನಾನು ಒಂದು ಕ್ಷಣವೂ ಅದರ ಮೇಲೆ ಒಬ್ಬಳೇ ಕೂರಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಅವಕಾಶವೇ ಇರಲಿಲ್ಲ.

ಐದನೆಯ ದಿನ, ಗುರುವಾರ ಸಂಜೆ, ಶಿಂದೆ ಕಾಕಾ ಊರಿಂದ ಬಂದರು. ಗಾಡಿಯ ಸುತ್ತ ಒಂದು ಸುತ್ತು ಬಂದು, ಮೈದಾನಕ್ಕೆ ನಡೆಸು ಎಂದರು. ಅಜ್ಜಿ ಅಭ್ಯಾಸಬಲದಿಂದ ಹಿಂದೆ ಹತ್ತಲು ಬಂದಳು, ಕಾಕಾ ಕೈ ಅಡ್ಡ ಹಿಡಿದರು. ನಾನು ಕಿಕ್ ಹೊಡೆದು, ಗಾಡಿಯನ್ನು ಸ್ಟ್ಯಾಂಡಿನಿಂದ ಮುಂದಕ್ಕೆ ತಳ್ಳಿ ಹೊರಟೆ. ಓಡುವಾಗ ಎಲ್ಲ ಸರಿಯಿತ್ತು, ಹಗುರವಾಗಿ ಹಾರಿದ ಹಾಗೂ ಇತ್ತು. ಮೈದಾನದ ತುದಿಯಲ್ಲಿ ತಿರುಗಿಸಿ ಕಾಕಾ ಮುಂದೆ ನಿಲ್ಲಿಸಿ, ನೆಲವಿದ್ದ ಜಾಗಕ್ಕೆ ಬಲಗಾಲು ಚಾಚಿದೆ. ನೆಲ ಅಲ್ಲಿರಲಿಲ್ಲ. ಹೆಬ್ಬೆರಳ ತುದಿ ಮಾತ್ರ ಮಣ್ಣನ್ನು ಕೆರೆಯಿತು, ಗಾಡಿ ಮೆಲ್ಲಗೆ ವಾಲಿತು, ನಾನು ಎಷ್ಟು ಹಿಡಿದರೂ ನಿಲ್ಲದೆ ನನ್ನನ್ನೂ ಕರೆದುಕೊಂಡು ಮಲಗಿತು. ಮೊಣಕೈ ತರಚಿತು, ಬ್ರೇಕಿನ ಲಿವರ್ ಬಾಗಿತು. ಕಾಕಾ ಒಂದೇ ಕೈಯಲ್ಲಿ ಗಾಡಿ ಎತ್ತಿ ನಿಲ್ಲಿಸಿ, ನನ್ನ ಕಾಲು ಎಲ್ಲಿ ಹೋಗಿತ್ತು ಎಂದು ಕೇಳಿದರು.

"ಪಾಯ್ ಕುಠೇ ಹೋತೇ ತುಝೇ?"

ನನಗೂ ಅದೇ ಪ್ರಶ್ನೆ. ನಾಲ್ಕು ದಿನ ಮುಟ್ಟಿದ ನೆಲ ಇವತ್ತು ಎಲ್ಲಿಗೆ ಹೋಯಿತು? ಅಳು ಬರುವುದಕ್ಕಿಂತ ಮೊದಲು ಸಿಟ್ಟು ಬಂತು. ಮನೆಗೆ ತಳ್ಳಿಕೊಂಡು ಬಂದು, ಹಿತ್ತಲಿನ ಕಲ್ಲುಹಾಸಿನ ಮೇಲೆ ಗಾಡಿ ನಿಲ್ಲಿಸಿ, ಅಪ್ಪನ ಉಕ್ಕಿನ ಸ್ಕೇಲನ್ನು ಅವ್ವನ ಕೈಗೆ ಕೊಟ್ಟೆ. ನಾನು ಕೂತಾಗ ನೆಲದಿಂದ ಸೀಟಿನ ಅಂಚಿಗೆ ಎಷ್ಟು ಎಂದು ಓದಲು ಹೇಳಿದೆ. ಆಮೇಲೆ ಅಜ್ಜಿ ಹತ್ತಿದಳು; ಹದಿನೈದು ಮಿಲಿಮೀಟರ್ ಇಳಿಯಿತು. ಅಜ್ಜಿ ಇಳಿದು ಅಪ್ಪ ಹತ್ತಿದರು, ಮೂವತ್ತೆಂಟು. ಆಗ ಗೊತ್ತಾಯಿತು. ಹಿಂದೆ ಭಾರ ಬಿದ್ದರೆ ಸ್ಪ್ರಿಂಗು ಕುಗ್ಗಿ ಸೀಟು ಕೆಳಗಿಳಿಯುತ್ತದೆ. ನಾಲ್ವರು ಸೇರಿ, ದಿನವಿಡೀ ಹುಡುಕಿ, ನಮ್ಮ ಮನೆಯ ಯಾರಾದರೊಬ್ಬರು ಬೆನ್ನ ಹಿಂದೆ ಕೂತರೆ ಮಾತ್ರ ನನ್ನ ಕಾಲು ನೆಲಕ್ಕೆ ಮುಟ್ಟುವಂಥ ಗಾಡಿಯನ್ನೇ ಆರಿಸಿ ತಂದಿದ್ದೆವು. ಅಳತೆ ಕಲಿತು ಡಿಪ್ಲೊಮಾ ಪಡೆದವಳು ನಾನು; ನನಗೇ ನಾಚಿಕೆಯಾಯಿತು. ಇಷ್ಟು ವರ್ಷಗಳ ಮೇಲೆ, ಈಗ ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗಿಯರು ಬಂದು, ಅದರಲ್ಲೂ ಬೆಂಗಳೂರಿನ ಕಡೆಯವರು, "ಮೇಡಂ, ಫಸ್ಟ್ ಬೈಕ್ ಯಾವ್ದು ತಗೊಳ್ಲಿ?" ಎಂದು ಫೋನಿನಲ್ಲಿ ನಾಲ್ಕು ಚಿತ್ರ ತೋರಿಸುತ್ತಾರೆ. ಅಂಗಡಿಗೆ ಹೋಗಿ ಒಬ್ಬಳೇ ಕೂತು ನೋಡು ಎನ್ನುತ್ತೇನೆ. ಅಷ್ಟೇನಾ ಎನ್ನುವ ಹಾಗೆ ನೋಡುತ್ತಾರೆ.

ಸೋಮವಾರಕ್ಕೆ ಮೂರು ದಿನ ಉಳಿದಿತ್ತು. ಅವ್ವ ಸೋಲೊಪ್ಪುವವಳಲ್ಲ. ಶುಕ್ರವಾರ ಬೆಳಿಗ್ಗೆ ಜೋಳದ ಚೀಲ ತಂದು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿದಳು. "ಇದು ನಿನ್ನ ಜೋಡಿ. ಬಾಯಿ ಇಲ್ಲ, ಜಗಳಾ ಆಡೂದಿಲ್ಲ," ಎಂದಳು. ಚೀಲದೊಂದಿಗೆ ಬಜಾರಿನ ತಿರುವಿನವರೆಗೆ ಹೋದೆ. ಮನುಷ್ಯರು ತಿರುವಿನಲ್ಲಿ ನಮ್ಮ ಜೊತೆ ವಾಲುತ್ತಾರೆ. ಜೋಳ ತನಗೆ ಬೇಕಾದ ಕಡೆ ವಾಲಿತು. ಓಣಿಯ ತುದಿಯಲ್ಲಿ ಹಗ್ಗ ಸಡಿಲಿ, ಅರ್ಧ ಚೀಲ ರಸ್ತೆಗೆ ಸುರಿಯಿತು, ಪಾರಿವಾಳಗಳಿಗೆ ಸುಗ್ಗಿಯಾಯಿತು. ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತಲೇ ಹೇಳಿದರು.

"ಈ ತಿಂಗಳ ನಾ ರಿಟೈರ್ ಆಗತೀನಿ. ಉಳಿದ ರಜಾ ಹಾಕತೀನಿ. ದಿನಾ ನಾನ ನಿನ್ನ ಹಿಂದ ಕೂತು ಬರತೀನಿ. ನೀ ಒಳಗ ಹೋಗು, ನಾ ಗೇಟಿನ ಹೊರಗ ಎಲ್ಲ್ಯಾದ್ರೂ ಕೂತಿರತೀನಿ. ಸಂಜೀಗೆ ಕೂಡೇ ಬರೂಣು."

ಅವ್ವ ತಲೆಯಾಡಿಸಿದಳು. ಅಜ್ಜಿಗೂ ಅದು ಸರಿ ಎನಿಸಿದ ಹಾಗಿತ್ತು. ನಾನು ಮಾತ್ರ ಅಪ್ಪನ ಮುಖವನ್ನೇ ನೋಡುತ್ತಿದ್ದೆ. ಹಿಂದಿನ ದಿನ ಹಿತ್ತಲಿನಲ್ಲಿ ಮೂವತ್ತೆಂಟು ಎಂದು ಅವ್ವ ಓದಿದಾಗ ನಾನು, ಅವ್ವ, ಅಜ್ಜಿ ಮೂವರೂ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದೆವು. ಅಪ್ಪನಿಗೆ ಆಶ್ಚರ್ಯವಾಗಿರಲಿಲ್ಲ. ಅದು ನನಗೆ ಈಗ ಹೊಳೆಯಿತು.

"ಅಪ್ಪಾ, ಖರೇ ಹೇಳ್ರಿ. ಚಿಂಚವಡದಾಗ ನೀವು ಗಾಡಿಯಿಂದ ಇಳಿದಾಗ ನನ್ನ ಹಿಮ್ಮಡ ಮ್ಯಾಲೆ ಎದ್ದದ್ದು ನಿಮಗ ಕಾಣಲಿಲ್ಲೇನು?"

ಅಪ್ಪ ರೊಟ್ಟಿಯನ್ನು ಎರಡು ಮಾಡಿದರು, ನಾಲ್ಕು ಮಾಡಿದರು, ಬಾಯಿಗಿಡಲಿಲ್ಲ.

"ಕಂಡಿತ್ತು."

ಹಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂದರೂ ಅಜ್ಜಿ ತಿರುವಿ ಹಾಕಲಿಲ್ಲ.

"ಕಂಡೂ ಸುಮ್ಮನ ಇದ್ರಿ?"

"ಒಬ್ಬಾಕಿ ಹೋಗಬ್ಯಾಡ ಅಂತ ನಾ ಅಂದ್ರ ನೀ ಜಗಳಾ ತಗೀತಿದ್ದಿ. ಗಾಡೀನ ಹೇಳಲಿ ಅಂತ ಬಿಟ್ಟೆ." ಅಪ್ಪ ನೀರು ಕುಡಿದು ಲೋಟ ಕೆಳಗಿಟ್ಟರು. "ಇಪ್ಪತ್ತು ವರ್ಷದಂವ ಇದ್ದಾಗ ಇಲ್ಲಿಗೆ ಬಂದೆ. ಇಲ್ಲೇ ಬಾಜೂಕ ಬೋಪೋಡ್ಯಾಗ ಒಂದು ಖೋಲಿ. ಟೈಫಾಯ್ಡ್ ಆತು. ಮೂರು ದಿನ ಬಾಗಲಾ ತಗೀಲಿಲ್ಲ ಅಂತ ಯಾರೂ ಕೇಳಲಿಲ್ಲ. ಕೇಳ್ಲಿಕ್ಕ ಯಾರಿದ್ರು? ನೀರಿನ ಕೊಡಾ ನಾಲ್ಕು ಹೆಜ್ಜಿ ದೂರ ಇತ್ತು, ಅಲ್ಲೀತನಕಾ ಹೋಗ್ಲಿಕ್ಕ ಆಗಲಿಲ್ಲ. ಒಬ್ಬರ ಇರೂದು ಏನಂತ ನನಗ ಗೊತ್ತದ, ನಂದಾ. ನಿಮಗ್ಯಾರಿಗೂ ಗೊತ್ತಾಗೂದು ಬ್ಯಾಡ ಅಂತ ಇಷ್ಟು ದಿನಾ ನೋಡಿಕೊಂಡೀನಿ."

ಈ ಕಥೆಯನ್ನು ಅವ್ವ ಕೂಡ ಮೊದಲ ಸಲ ಕೇಳುತ್ತಿದ್ದಳು ಎಂದು ಅವಳ ಕಣ್ಣಿನಲ್ಲಿ ಗೊತ್ತಾಯಿತು. ನನಗೆ ಅಪ್ಪನ ಮೇಲೆ ಹೇಳಲಾಗದಷ್ಟು ಸಿಟ್ಟಿತ್ತು, ಅಷ್ಟೇ ಮರುಕವೂ ಆಯಿತು. ಮೈದಾನದಲ್ಲಿ ಬಿದ್ದಂತೆ ಹೆದ್ದಾರಿಯಲ್ಲಿ ಟ್ರಕ್ಕಿನ ಮುಂದೆ ಬಿದ್ದಿದ್ದರೆ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ, ಅವರ ಮುಖ ನೋಡಿದರೆ ಆ ಲೆಕ್ಕ ಅವರೇ ನಿನ್ನೆಯಿಂದ ಹಾಕುತ್ತಿದ್ದ ಹಾಗಿತ್ತು. ಆದರೆ ಸುಮ್ಮನಿರಲೂ ಆಗಲಿಲ್ಲ. ಈಗ ಸುಮ್ಮನಿದ್ದರೆ ಅಪ್ಪ ಗೇಟಿನ ಹೊರಗೆ ಕಲ್ಲಿನ ಮೇಲೆ ಕೂತು ಕಾಯುವ ದಿನಗಳು ಶುರುವಾಗುತ್ತವೆ, ಅವು ಮುಗಿಯುವುದಿಲ್ಲ ಎಂದು ಖಚಿತವಾಗಿ ಗೊತ್ತಿತ್ತು.

"ನಿಮ್ಮ ಕಾರ್ಖಾನ್ಯಾಗ ಇಂಥಾ ತುಂಡು ಬಂದಿದ್ರ ಏನ ಮಾಡತಿದ್ರಿ?"

ಅಪ್ಪ ತಟ್ಟೆಯಲ್ಲಿನ ರೊಟ್ಟಿಯ ತುಣುಕುಗಳನ್ನು ಒಂದರ ಮೇಲೊಂದು ಇಟ್ಟರು.

"ಕೆಂಪು ಬಣ್ಣಾ ಹಚ್ಚತಿದ್ದೆ."

"ಹಂಗಾರ ಹಚ್ಚರಿ."

ಅವ್ವ ಎದ್ದು ಹೊತ್ತಿದ ರೊಟ್ಟಿಯನ್ನು ತೆಗೆದಳು. ಶನಿವಾರವಿಡೀ ಅಪ್ಪ ಮಾತು ಬಿಟ್ಟಿದ್ದರು. ನಾನೂ ಹಟ ಹಿಡಿದು ಮಾತಾಡಿಸಲಿಲ್ಲ. ಆ ವಯಸ್ಸಿನಲ್ಲಿ ನನಗೆ ಹಟಕ್ಕೇನೂ ಕೊರತೆ ಇರಲಿಲ್ಲ. ಬಾಗಿದ ಲಿವರನ್ನು ಬದಲಿಸಲು, ಅವ್ವನ ಜೊತೆ, ಗಾಡಿಯನ್ನು ಬಜಾರಿನವರೆಗೆ ತಳ್ಳಿಕೊಂಡೇ ಹೋಗಿ ಬಂದೆ. ಭಾನುವಾರ ಬೆಳಿಗ್ಗೆ ಚಹಾ ಕುಡಿದು ಎದ್ದವರೇ ಅಪ್ಪ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗಾಡಿಯ ಪಕ್ಕ ಬಂದು ನಿಂತರು.

"ನಡಿ. ಬದಲಿ ಮಾಡಿಕೊಂಡು ಬರೂಣು. ಅಲ್ಲೀತನಕಾ ಹೋಗ್ಲಿಕ್ಕಂತೂ ನಾ ಬೇಕಲ್ಲ."

ನಗು ತಡೆಯಲಾಗಲಿಲ್ಲ. ಅಪ್ಪನೂ ಮೀಸೆಯಲ್ಲಿ ನಕ್ಕರು. ಅಜ್ಜಿ ತಾನೂ ಬರುತ್ತೇನೆ ಎಂದು ಸೀರೆ ಸರಿಮಾಡಿಕೊಳ್ಳುತ್ತಿದ್ದಳು. "ಬ್ಯಾಡ ಅವ್ವಾ. ಇವತ್ತ ಹಿಂದಿನ ಸೀಟಿನ ಕೆಲಸ ಇಲ್ಲ," ಎಂದರು ಅಪ್ಪ.

ಜಾಧವ್ ನಮ್ಮನ್ನು ನೋಡಿ ಅಭ್ಯಾಸದಂತೆ ಕುರ್ಚಿ ಎಳೆದುಕೊಂಡರು. ಆದರೆ ಈ ಸಲ ಅಪ್ಪ ಯಾವ ಗಾಡಿಯನ್ನೂ ಹತ್ತಲಿಲ್ಲ. ಜೇಬಿನಿಂದ ಹಳೆಯ ಪೋಸ್ಟ್‌ಕಾರ್ಡೊಂದನ್ನು ತೆಗೆದು ಎರಡು ತುಂಡು ಮಾಡಿದರು. ನಾನು ಚಪ್ಪಲಿ ಬಿಟ್ಟು ಗಾಡಿಯ ಮೇಲೆ ಕೂತ ಮೇಲೆ, ಇಸ್ತ್ರಿಯ ಪ್ಯಾಂಟು ಮಣ್ಣಾಗುವುದನ್ನೂ ನೋಡದೆ ಮೊಣಕಾಲೂರಿ, ಒಂದೊಂದು ಹಿಮ್ಮಡಿಯ ಕೆಳಗೆ ಒಂದೊಂದು ತುಂಡು ಇಟ್ಟು ಎಳೆದು ನೋಡಿದರು. ಮೊದಲ ಗಾಡಿಯಲ್ಲಿ ಎರಡೂ ತುಂಡು ಸಲೀಸಾಗಿ ಜಾರಿ ಬಂದವು. ಅಪ್ಪ ತಲೆಯಾಡಿಸಿ ಮುಂದಿನದಕ್ಕೆ ಹೋದರು. ಎರಡನೆಯದರಲ್ಲಿ ಎಡಗಾಲಿನದು ನಿಂತಿತು, ಬಲಗಾಲಿನದು ಬಂತು. ಮೂರನೆಯದು ಹೊಳೆಯುವ ಕಪ್ಪು ಗಾಡಿ, ನನಗೆ ಬಹಳ ಇಷ್ಟವಾಗಿತ್ತು. ಸ್ವಲ್ಪ ಒತ್ತಿ ಊರಿದೆ. ಕಾರ್ಡು ತಡವರಿಸಿದ್ದು ಅಪ್ಪನ ಬೆರಳಿಗೆ ಗೊತ್ತಾಯಿತು.

"ಕಾಲು ಒತ್ತಬ್ಯಾಡ. ನೀ ಹೆಂಗ ಕೂಡತಿ ಹಂಗ ಕೂಡು."

ಸುಮ್ಮನೆ ಕೂತೆ. ಕಾರ್ಡು ಬಂತು. ನಾಲ್ಕನೆಯದು ಮೂಲೆಯಲ್ಲಿತ್ತು. ಬಿಸಿಲಿಗೆ ಮಾಸಿದ ನೀಲಿ, ಟ್ಯಾಂಕಿನಲ್ಲಿ ಮುಷ್ಟಿಯಷ್ಟು ತಗ್ಗು, ಹಿಂದಿನ ಸೀಟು ಅಜ್ಜಿಗೆ ಹೇಳಿಸಿದ್ದಲ್ಲ, ಸೀರೆ ಗಾರ್ಡಂತೂ ಇಲ್ಲವೇ ಇಲ್ಲ. ಅದನ್ನು ಯಾಕೆ ನೋಡುತ್ತೀರಿ ಎಂದು ಜಾಧವ್ ಕೂತಲ್ಲಿಂದಲೇ ಕೂಗಿದರು. ನಾನು ಕೂತೆ. ಅಪ್ಪ ಎಡಗಡೆಯ ತುಂಡನ್ನು ಎಳೆದರು, ಬರಲಿಲ್ಲ. ಬಲಗಡೆಯದನ್ನು ಎಳೆದರು, ಬರಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದರು. ಕಾರ್ಡು ಹರಿಯಿತು, ಅರ್ಧ ಅವರ ಬೆರಳಲ್ಲಿ, ಅರ್ಧ ನನ್ನ ಕಾಲ ಕೆಳಗೆ. ಅಪ್ಪ ಹರಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು, ಜೇಬಿನಲ್ಲಿಟ್ಟುಕೊಂಡರು. ಆ ಗಾಡಿ ಆಮೇಲೆ ಆರು ವರ್ಷ ನನ್ನನ್ನು ತಳೇಗಾಂವಕ್ಕೆ ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬಂತು, ಒಮ್ಮೆಯೂ ಬೀಳಿಸಲಿಲ್ಲ.

ಅಂಗಳದಲ್ಲಿ ನಾಲ್ಕು ಸುತ್ತು ಹಾಕಿದೆ. ನಿಲ್ಲಿಸಿದೆ, ಹೊರಟೆ, ಮತ್ತೆ ನಿಲ್ಲಿಸಿದೆ. ಪ್ರತಿ ಸಲವೂ ನೆಲ ಇದ್ದ ಜಾಗದಲ್ಲೇ ಇತ್ತು. ಕಾಗದಪತ್ರ ಮುಗಿಸಿ ಅಪ್ಪ ಹೊರಗೆ ಬಂದಾಗ ನಾನು ಹೆದ್ದಾರಿಯ ಅಂಚಿನಲ್ಲಿ ಗಾಡಿ ನಿಲ್ಲಿಸಿಕೊಂಡು, ಅವರು ಕೂರಲೆಂದು ಮುಂದಕ್ಕೆ ಸರಿದೆ.

"ಕೂಡ್ರಿ ಅಪ್ಪಾ."

ಅಪ್ಪ ಸೀಟಿನ ಮೇಲೆ ಕೈ ಇಟ್ಟರು. ಒಂದು ಕಾಲು ಎತ್ತಿದ ಹಾಗೂ ಮಾಡಿದರು. ಆಮೇಲೆ ಕೈ ತೆಗೆದುಬಿಟ್ಟರು.

"ಬ್ಯಾಡ. ನೀ ಒಬ್ಬಾಕೀನ ಹೋಗು. ನಾಳೆ ಮೊದಲನೇ ಸಲ ಆಗಬಾರದು."

"ಮತ್ತ ನೀವು?"

"ನಾ ಬಸ್ಸಿಗೆ ಬರತೀನಿ." ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು. ತಗ್ಗಿದ ದನಿಯಲ್ಲಿ ಕೇಳಿದರು, "ಖಡಕಿ ಬಸ್ಸು ಯಾವ ಮಗ್ಗಲಾ ನಿಲ್ಲತದ?"

ಮೂವತ್ತೈದು ವರ್ಷಕ್ಕೂ ಮೇಲ್ಪಟ್ಟು ಪುಣೆಯಲ್ಲಿದ್ದವರು ಅದನ್ನು ತಮ್ಮ ಮಗಳನ್ನು ಕೇಳಿದರು. ನಾನು ರಸ್ತೆಯಾಚೆಗೆ ಬೆರಳು ತೋರಿಸಿದೆ. ಅವರು ಟ್ರಕ್ಕುಗಳು ಹೋಗುವುದನ್ನು ಕಾದು, ಇಸ್ತ್ರಿಯ ಅಂಗಿಯನ್ನು ಒಮ್ಮೆ ಎಳೆದುಕೊಂಡು, ದಾಟಲು ಇಳಿದರು. ಅವರು ಆ ಬದಿ ಸೇರಿ, ಬಸ್ ನಿಲ್ದಾಣದ ಕಂಬದ ಕೆಳಗೆ ಹೋಗಿ ಒಬ್ಬರೇ ನಿಲ್ಲುವವರೆಗೂ ನಾನು ಎರಡೂ ಕಾಲು ನೆಲಕ್ಕೆ ಊರಿ ನಿಂತಿದ್ದೆ. ಆಮೇಲೆ ಗೇರು ಹಾಕಿದೆ.